ಅಮ್ಮನ ಕೀಮೋ ನಡೆಯುವಾಗ ಕಷಾಯ ಕೊಡಬಹುದಾ? ಇದರಲ್ಲಿ ಫಾರ್ಮಸಿಸ್ಟ್ ಕೆಲಸ ಏನು?

ಪ್ರಶ್ನೆ: ಮೇಡಂ, ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಅಮ್ಮನಿಗೆ 47 ವರ್ಷ. ಎದೆಯ ಕ್ಯಾನ್ಸರ್ ಆಪರೇಷನ್ ಆಗಿದೆ, ಈಗ ಶಿವಮೊಗ್ಗದಲ್ಲಿ ಕೀಮೋ ನಡೆಯುತ್ತಿದೆ. ಅದು ಮುಗಿದ ಮೇಲೆ ಟಾಮಾಕ್ಸಿಫೆನ್ ಮಾತ್ರೆಯನ್ನು ವರ್ಷಗಟ್ಟಲೆ ತಗೋಬೇಕು ಅಂದಿದ್ದಾರೆ. ಮನೆಯಲ್ಲಿ ಅಜ್ಜಿ ದಿನಾ ಬೆಳಿಗ್ಗೆ ಅಮೃತಬಳ್ಳಿ ಕಷಾಯ ಕೊಡುತ್ತಾರೆ. ಚಿಕ್ಕಪ್ಪ ಆನ್‌ಲೈನಲ್ಲಿ ಅರಿಶಿನದ ಕ್ಯಾಪ್ಸೂಲ್ ತರಿಸಿದ್ದಾರೆ. ನಾಟಿ ವೈದ್ಯರೊಬ್ಬರ ಹತ್ತಿರದಿಂದ ತೊಗಟೆ ಪುಡಿಯೂ ಬಂದಿದೆ. ಡಾಕ್ಟರಿಗೆ ಯಾವುದನ್ನೂ ಹೇಳಿಲ್ಲ, ಬೈತಾರೆ ಅಂತ ಭಯ. ಒಬ್ಬ ನರ್ಸ್ 'ಫಾರ್ಮಸಿಸ್ಟ್ ಹತ್ರ ಒಂದ್ಸಲ ಮಾತಾಡಿ' ಅಂದರು. ಫಾರ್ಮಸಿಸ್ಟ್ ಅಂದ್ರೆ ಮಾತ್ರೆ ಕೊಡುವವರಲ್ವಾ?

ಉತ್ತರ: ಮೊದಲು ನಿಮಗೆ ಇವತ್ತೇ ಬೇಕಾದ ಮಾತು ಹೇಳಿಬಿಡುತ್ತೇನೆ. ತೊಗಟೆ ಪುಡಿ ಮತ್ತು ಅರಿಶಿನದ ಕ್ಯಾಪ್ಸೂಲ್ ಇವತ್ತೇ ನಿಲ್ಲಿಸಿ. ಅಮೃತಬಳ್ಳಿ ಕಷಾಯವನ್ನೂ ಕೀಮೋ ಮುಗಿಯುವ ತನಕ ಬಿಡಿ. ಅಡುಗೆಗೆ ಹಾಕುವ ಅರಿಶಿನ, ಶುಂಠಿ, ಜೀರಿಗೆ, ಕೊತ್ತಂಬರಿ ಯಾವುದನ್ನೂ ಬಿಡಬೇಕಾಗಿಲ್ಲ. ಮುಂದಿನ ಕೀಮೋಗೆ ಹೋಗುವ ಮೊದಲು ಇಷ್ಟು ದಿನ ಏನೇನು ಕೊಟ್ಟಿರಿ ಎನ್ನುವುದನ್ನು ಡಾಕ್ಟರಿಗೆ ಹೇಳಲೇಬೇಕು. ಅದನ್ನು ಹೇಗೆ ಹೇಳುವುದು ಅಂತ ಮುಂದೆ ಬರೆದಿದ್ದೇನೆ.

ಆ ನರ್ಸ್ ನಿಮಗೆ ಒಳ್ಳೆಯ ದಾರಿಯನ್ನೇ ತೋರಿಸಿದ್ದಾರೆ. ಫಾರ್ಮಸಿಸ್ಟ್ ಅಂದರೆ ಕಿಟಕಿಯ ಆಚೆ ನಿಂತು ಸ್ಟ್ರಿಪ್ ಎಣಿಸಿ ಕೊಡುವವರು ಎನ್ನುವ ಚಿತ್ರ ನಮ್ಮ ಕಡೆ ಇನ್ನೂ ಇದೆ. ನಮ್ಮ ದೇಶದಲ್ಲಿ ಆರು ವರ್ಷದ ಫಾರ್ಮ್.ಡಿ. (ಡಾಕ್ಟರ್ ಆಫ್ ಫಾರ್ಮಸಿ) ಕೋರ್ಸ್ 2008ರಲ್ಲಿ ಶುರುವಾಯಿತು. ಅದನ್ನು ಓದಿದವರು ವಾರ್ಡಿನಲ್ಲಿ ರೋಗಿಯ ಪಕ್ಕದಲ್ಲೇ ತರಬೇತಿ ಪಡೆದಿರುತ್ತಾರೆ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳ ಪ್ರಕಾರ ಔಷಧಿಯ ಬಗ್ಗೆ ರೋಗಿಗೆ ತಿಳಿಸಿ ಹೇಳುವುದು ಫಾರ್ಮಸಿಸ್ಟ್ ಕೆಲಸದ ಭಾಗ. ಅಂದರೆ ನೀವು ಕೇಳಿದರೆ ಅದು ಉಪಕಾರ ಕೇಳಿದಂತಲ್ಲ, ನಿಮಗೆ ಸಲ್ಲಬೇಕಾದ್ದನ್ನೇ ಕೇಳಿದಂತೆ.

ನಿಮ್ಮ ಅಮ್ಮನ ವಿಷಯದಲ್ಲಿ ಕ್ಯಾನ್ಸರ್ ಡಾಕ್ಟರು ಗಡ್ಡೆ ನೋಡುತ್ತಾರೆ, ಸ್ಟೇಜ್ ನೋಡುತ್ತಾರೆ, ಕೀಮೋ ಬರೆಯುತ್ತಾರೆ. ಶುಗರ್ ಇದ್ದರೆ ಅದಕ್ಕೆ ಇನ್ನೊಬ್ಬ ಡಾಕ್ಟರು. ಕಷಾಯ ಅಜ್ಜಿಯದು, ಕ್ಯಾಪ್ಸೂಲ್ ಚಿಕ್ಕಪ್ಪನದು, ಪುಡಿ ನಾಟಿ ವೈದ್ಯರದು. ಎಲ್ಲರೂ ಒಳ್ಳೆಯದಾಗಲಿ ಎಂದೇ ಕೊಡುತ್ತಿದ್ದಾರೆ. ಆದರೆ ಎಲ್ಲವೂ ಹೋಗಿ ಸೇರುವುದು ಒಂದೇ ಹೊಟ್ಟೆ, ಒಂದೇ ಲಿವರ್, ಒಂದೇ ಕಿಡ್ನಿಗೆ. ಆ ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಬರೆದು, ಯಾವುದು ಯಾವುದಕ್ಕೆ ಅಡ್ಡ ಬರುತ್ತದೆ, ಯಾವುದನ್ನು ಎಷ್ಟು ಹೊತ್ತಿಗೆ ಕೊಡಬೇಕು ಎಂದು ಕೂತು ನೋಡುವವರು ಬೇಕು. ಆಸ್ಪತ್ರೆಯ ಚಿಕಿತ್ಸೆಯ ಜೊತೆ ಯೋಗ, ಆಹಾರ, ಆಯುರ್ವೇದ ಇವನ್ನೂ ಸೇರಿಸಿಕೊಂಡು ನಡೆಯುವ ಆರೈಕೆಯಲ್ಲಿ ಫಾರ್ಮಸಿಸ್ಟ್ ಕೆಲಸ ಮುಖ್ಯವಾಗಿ ಈ ಪಟ್ಟಿ. ಇದು ಸಣ್ಣ ಕೆಲಸದ ಹಾಗೆ ಕಾಣುತ್ತದೆ. ಇದನ್ನು ಯಾರೂ ಮಾಡದೆ ಬಿಟ್ಟ ಮನೆಗಳನ್ನು ನೋಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನಾವು ಫಾರ್ಮಸಿಸ್ಟರು ನಮ್ಮ ಹತ್ತಿರ ಬಂದವರಿಗೆ ಹೇಳುವುದು ಇಷ್ಟೇ: ಚೀಟಿ ಸಾಕಾಗುವುದಿಲ್ಲ, ಮನೆಯಲ್ಲಿ ಇರುವುದನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಬನ್ನಿ. ಸಾಗರದ ಕಡೆಯ ಅಡಿಕೆ ಬೆಳೆಗಾರರೊಬ್ಬರು ಹಾಗೆ ತಂದ ಚೀಲ ನೆನಪಿದೆ. ರಕ್ತದ ಕ್ಯಾನ್ಸರಿನ ಒಂದು ಬಗೆಗೆ ಇಮಾಟಿನಿಬ್ ಮಾತ್ರೆ ತಗೊಳ್ಳುತ್ತಿದ್ದರು. ಚೀಲ ಮೇಜಿನ ಮೇಲೆ ಸುರಿದಾಗ ಬಂದದ್ದು: ಇಮಾಟಿನಿಬ್ ಸ್ಟ್ರಿಪ್, ಬಿಪಿ ಮಾತ್ರೆ, ಅರ್ಧ ಮುಗಿದ ನೋವಿನ ಮಾತ್ರೆ, ಪೇಪರಿನಲ್ಲಿ ಕಟ್ಟಿದ ಎರಡು ಪುಡಿ ಪೊಟ್ಟಣ, ಲೇಬಲ್ ಕಿತ್ತುಹೋದ ಲೇಹದ ಡಬ್ಬಿ. ಒಂದೊಂದನ್ನೇ ಕೈಗೆತ್ತಿಕೊಂಡು ಕೇಳುತ್ತೇವೆ. ಯಾರು ಕೊಟ್ಟರು? ಯಾವಾಗಿಂದ? ಎಷ್ಟು ಚಮಚ, ಊಟಕ್ಕೆ ಮುಂಚೆಯೋ ಆಮೇಲೋ? ಕೊನೆಗೆ ಇನ್ನೊಂದು ಪ್ರಶ್ನೆ ಇರುತ್ತದೆ, ಬೆಳಿಗ್ಗೆ ಎದ್ದ ಮೇಲೆ ಮಾತ್ರೆ ನುಂಗುವ ತನಕ ಏನೇನು ತಿನ್ನುತ್ತೀರಿ, ಕುಡಿಯುತ್ತೀರಿ? ಅವರು ಸಂಕೋಚ ಇಲ್ಲದೆ ಹೇಳಿದರು: ಸೀಸನ್ನಲ್ಲಿ ದಿನಾ ಒಂದು ಚಕ್ಕೋತ. ಹಿತ್ತಿಲಲ್ಲೇ ಮರ ಇದೆ, ಹಣ್ಣು ಒಳ್ಳೇದಲ್ವಾ ಅಂತ.

ಇಮಾಟಿನಿಬ್ ಜೊತೆ ಗ್ರೇಪ್‌ಫ್ರೂಟ್ ಬೇಡ ಎಂದು ಔಷಧಿಯ ಜೊತೆ ಬರುವ ಕಾಗದದಲ್ಲೇ ಇರುತ್ತದೆ. ಗ್ರೇಪ್‌ಫ್ರೂಟ್ ಮಲೆನಾಡಿನಲ್ಲಿ ಯಾರು ತಿನ್ನುತ್ತಾರೆ ಎಂದು ಓದಿದವರು ಮುಂದೆ ಹೋಗುತ್ತಾರೆ. ಆದರೆ ನಮ್ಮ ಚಕ್ಕೋತ ಅದರ ಹತ್ತಿರದ ನೆಂಟ. ಅದರಲ್ಲೂ ಅದೇ ಬಗೆಯ ರಾಸಾಯನಿಕಗಳಿವೆ. ಲಿವರ್ ಮತ್ತು ಕರುಳಿನಲ್ಲಿ ಔಷಧಿಯನ್ನು ಒಡೆದು ಹೊರಹಾಕುವ ಕಿಣ್ವವನ್ನು ಅವು ತಡೆಯುತ್ತವೆ. ಆಗುಂಬೆ ಘಾಟಿಯ ತಿರುವಿನಲ್ಲಿ ಒಂದು ಗಾಡಿ ಕೆಟ್ಟು ನಿಂತರೆ ಹಿಂದಿನ ಗಾಡಿಗಳೆಲ್ಲ ಸಾಲಾಗಿ ನಿಲ್ಲುತ್ತವಲ್ಲ, ಹಾಗೆ ಔಷಧಿ ರಕ್ತದಲ್ಲಿ ಸೇರುತ್ತಾ ಹೋಗುತ್ತದೆ. ಡಾಕ್ಟರು ಬರೆದದ್ದು ಒಂದು ಡೋಸ್, ಮೈಗೆ ಸಿಗುವುದು ಅದಕ್ಕಿಂತ ಜಾಸ್ತಿ. ಇದರ ಉಲ್ಟಾ ಕೂಡ ಆಗುತ್ತದೆ. ಕೆಲವು ಗಿಡಮೂಲಿಕೆಗಳು ಆ ಕಿಣ್ವವನ್ನು ಜೋರು ಮಾಡಿ ಔಷಧಿ ಕೆಲಸ ಮಾಡುವ ಮೊದಲೇ ಹೊರಗೆ ಕಳಿಸುತ್ತವೆ. ಆಗ ಕೀಮೋ ಕೊಟ್ಟೂ ಕೊಡದ ಹಾಗೆ.

ಈಗ ನಿಮ್ಮ ಮನೆಯ ಮೂರು ವಸ್ತುಗಳಿಗೆ ಬರೋಣ.

ಅಮೃತಬಳ್ಳಿ. ಕೋವಿಡ್ ಕಾಲದಲ್ಲಿ ಇದನ್ನು ಮನೆಮನೆಯಲ್ಲಿ ಕುದಿಸಿ ಕುಡಿದರು. ಆಗಲೇ ಮುಂಬೈನ ಲಿವರ್ ತಜ್ಞರು, ಇದನ್ನು ಕುಡಿದ ಮೇಲೆ ಲಿವರ್ ಊದಿಕೊಂಡು ಬಂದ 6 ರೋಗಿಗಳ ವಿವರವನ್ನು 2021ರಲ್ಲಿ ಪ್ರಕಟಿಸಿದರು. ಮುಂದಿನ ವರ್ಷ ದೇಶದ ಹಲವು ಆಸ್ಪತ್ರೆಗಳಿಂದ ಇಂಥದೇ 43 ರೋಗಿಗಳ ವರದಿ ಬಂತು. ನಿಲ್ಲಿಸಿದ ಮೇಲೆ ಹೆಚ್ಚಿನವರು ಸುಧಾರಿಸಿಕೊಂಡರು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಅದೇ ಜಾತಿಯ ಬೇರೆ ಬಳ್ಳಿಯನ್ನು ಅಮೃತಬಳ್ಳಿ ಎಂದು ತಿಳಿದು ಕುಡಿದಿರಬಹುದು ಎಂದಿತು. ಆ ವಾದ ಹಾಗೇ ಇರಲಿ. ನಿಮ್ಮ ಅಮ್ಮನ ಮಟ್ಟಿಗೆ ನನಗೆ ಮುಖ್ಯವಾದದ್ದು ಬೇರೆ. ಎದೆಯ ಕ್ಯಾನ್ಸರಿಗೆ ಸಾಮಾನ್ಯವಾಗಿ ಕೊಡುವ ಡಾಕ್ಸೊರುಬಿಸಿನ್, ಪ್ಯಾಕ್ಲಿಟಾಕ್ಸೆಲ್ ಎರಡೂ ಲಿವರ್ ಮೂಲಕವೇ ಹೊರಗೆ ಹೋಗುತ್ತವೆ. ಪ್ರತಿ ಕೀಮೋಗೆ ಮುಂಚೆ ರಕ್ತ ಪರೀಕ್ಷೆ ಮಾಡಿಸುತ್ತಾರಲ್ಲ, ಅದರಲ್ಲಿ ಲಿವರ್ ರಿಪೋರ್ಟ್ ಕೆಟ್ಟರೆ ಡೋಸ್ ಕಡಿಮೆ ಮಾಡಬೇಕಾಗುತ್ತದೆ ಅಥವಾ ಕೀಮೋ ಮುಂದೆ ಹಾಕಬೇಕಾಗುತ್ತದೆ. ಕಷಾಯದ ವಿಷಯ ಗೊತ್ತಿಲ್ಲದ ಡಾಕ್ಟರು ಕೀಮೋ ಮೇಲೆ ಅನುಮಾನ ಪಡುತ್ತಾರೆ. ಬೇಕಾದ ಔಷಧಿ ಕಡಿಮೆ ಆಗುತ್ತದೆ, ಬೇಡದ ಕಷಾಯ ಬೆಳಿಗ್ಗೆ ಬೆಳಿಗ್ಗೆ ನಡೆದೇ ಇರುತ್ತದೆ. ಡಾಕ್ಟರಿಗೆ ಹೇಳದೆ ಇರುವುದರ ನಿಜವಾದ ಅಪಾಯ ಇದು.

ಅರಿಶಿನದ ಕ್ಯಾಪ್ಸೂಲ್. ಸಾರಿಗೆ ಹಾಕುವ ಚಿಟಿಕೆ ಅರಿಶಿನಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತಲೇ ತಿಳಿಯಿರಿ. ಕ್ಯಾಪ್ಸೂಲಿನಲ್ಲಿ ಅರಿಶಿನದ ಸಾರವಾದ ಕರ್ಕ್ಯುಮಿನ್ ಗಟ್ಟಿಯಾಗಿ ಇರುತ್ತದೆ. ಅದು ಮೈಗೆ ಹತ್ತಲಿ ಎಂದು ಕಾಳುಮೆಣಸಿನ ಪೈಪರಿನ್ ಸೇರಿಸಿರುತ್ತಾರೆ. ಆ ಪೈಪರಿನ್ ಬೇರೆ ಔಷಧಿಗಳ ಲೆಕ್ಕವನ್ನೂ ತಪ್ಪಿಸಬಲ್ಲದು. ಮುಂದೆ ಅಮ್ಮ ತಗೊಳ್ಳಬೇಕಾದ ಟಾಮಾಕ್ಸಿಫೆನ್ ಲಿವರಿನಲ್ಲಿ ಎಂಡಾಕ್ಸಿಫೆನ್ ಆಗಿ ಬದಲಾದ ಮೇಲೆಯೇ ಚೆನ್ನಾಗಿ ಕೆಲಸ ಮಾಡುವುದು. ನೆದರ್ಲೆಂಡ್ಸಿನಲ್ಲಿ 2019ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ, ಟಾಮಾಕ್ಸಿಫೆನ್ ಜೊತೆ ಕರ್ಕ್ಯುಮಿನ್ ಮತ್ತು ಪೈಪರಿನ್ ತಗೊಂಡ ಮಹಿಳೆಯರ ರಕ್ತದಲ್ಲಿ ಎಂಡಾಕ್ಸಿಫೆನ್ ಇಳಿದಿತ್ತು. ಇಳಿಕೆ ಭಾರಿ ಏನಲ್ಲ. ಆದರೆ ಐದು ವರ್ಷ, ಕೆಲವರಿಗೆ ಹತ್ತು ವರ್ಷ ನುಂಗುವ ಮಾತ್ರೆ ಇದು. ಅಷ್ಟು ದಿನ ಸುಮ್ನೆ ಅದರ ಬಲ ತಗ್ಗಿಸಿಕೊಳ್ಳುವುದು ಯಾಕೆ?

ತೊಗಟೆ ಪುಡಿ. ಇದರ ಬಗ್ಗೆ ಸ್ವಲ್ಪ ಹೆಚ್ಚು ಬರೆಯಬೇಕು. ಯಾಕೆಂದರೆ ನಮ್ಮ ಭಾಗದಲ್ಲಿ ಕ್ಯಾನ್ಸರ್ ಎಂದ ಕೂಡಲೇ ತೊಗಟೆಯ ಮಾತು ಬರುತ್ತದೆ. ಕಾಡಿನಲ್ಲಿ ಔಷಧಿ ಇಲ್ಲ ಅಂತ ನಾನು ಹೇಳುವುದಿಲ್ಲ. ಹಿತ್ತಿಲ ನಿತ್ಯಪುಷ್ಪದಿಂದಲೇ ವಿನ್‌ಕ್ರಿಸ್ಟೀನ್, ವಿನ್‌ಬ್ಲಾಸ್ಟೀನ್ ಬಂದವು, ಮಕ್ಕಳ ರಕ್ತದ ಕ್ಯಾನ್ಸರಿಗೆ ವಿನ್‌ಕ್ರಿಸ್ಟೀನ್ ಇವತ್ತಿಗೂ ಬೇಕೇ ಬೇಕು. ನಿಮ್ಮ ಅಮ್ಮನಿಗೆ ಕೊಡುವ ಕೀಮೋದಲ್ಲಿ ಪ್ಯಾಕ್ಲಿಟಾಕ್ಸೆಲ್ ಇದ್ದರೆ, ಅದು ಮೊದಲು ಸಿಕ್ಕಿದ್ದೂ ಅಮೆರಿಕದ ಒಂದು ಮರದ ತೊಗಟೆಯಲ್ಲೇ. ನಮ್ಮ ಪಶ್ಚಿಮ ಘಟ್ಟದಲ್ಲಿ ಬೆಳೆಯುವ ನೊಥಪೊಡೈಟಿಸ್ ಎಂಬ ಮರದಲ್ಲಿ ಕ್ಯಾಂಪ್ಟೊಥೆಸಿನ್ ಎಂಬ, ಕ್ಯಾನ್ಸರ್ ಕಣಗಳನ್ನು ಕೊಲ್ಲುವ ವಸ್ತು ಇದೆ ಎಂದು 1972ರಲ್ಲಿ ಭಾರತದ ವಿಜ್ಞಾನಿಗಳೇ ತೋರಿಸಿದರು. ಅದಕ್ಕೂ ಮುಂಚೆ, 1966ರಲ್ಲಿ, ವಾಲ್ ಮತ್ತು ವಾನಿ ಎಂಬ ವಿಜ್ಞಾನಿಗಳು ಚೀನಾದ ಒಂದು ಮರದಲ್ಲಿ ಅದನ್ನು ಕಂಡುಹಿಡಿದಿದ್ದರು. ಅದನ್ನು ಹಾಗೇ ರೋಗಿಗಳಿಗೆ ಕೊಟ್ಟು ನೋಡಿದಾಗ ಮೂತ್ರಕೋಶದಲ್ಲಿ ರಕ್ತ ಬಂದು ಪ್ರಯೋಗ ನಿಲ್ಲಿಸಬೇಕಾಯಿತು. ಅದರ ರಚನೆಯನ್ನು ಬದಲಿಸಿ, ಟೋಪೊಟೆಕಾನ್, ಇರಿನೊಟೆಕಾನ್ ಎಂಬ ಔಷಧಿಗಳಾಗಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1996ರಲ್ಲಿ. ಮರದಿಂದ ಮದ್ದು ಆಗಲು 30 ವರ್ಷ ಹಿಡಿಯಿತು. ಆ ವರ್ಷಗಳೆಲ್ಲ ಹೋದದ್ದು ಎಷ್ಟು ಕೊಟ್ಟರೆ ಗುಣ, ಎಷ್ಟು ಕೊಟ್ಟರೆ ವಿಷ ಎಂದು ತಿಳಿಯುವುದಕ್ಕೆ.

ಪೇಪರಿನಲ್ಲಿ ಕಟ್ಟಿಕೊಟ್ಟ ಪುಡಿಯಲ್ಲಿ ಆ ಲೆಕ್ಕ ಇಲ್ಲ. ಯಾವ ಮರ, ಯಾವ ಭಾಗ, ಒಂದು ಚಮಚದಲ್ಲಿ ಏನು ಎಷ್ಟಿದೆ ಎಂದು ಕೊಟ್ಟವರಿಗೂ ಗೊತ್ತಿರುವುದಿಲ್ಲ. ಮಲೆನಾಡ ಮಳೆಗಾಲದಲ್ಲಿ ಸರಿಯಾಗಿ ಒಣಗದ ತೊಗಟೆಗೆ ಬೂಸ್ಟು ಹಿಡಿದಿರುತ್ತದೆ. ಕೀಮೋದಿಂದ ಬಿಳಿ ರಕ್ತಕಣ ಇಳಿದಿರುವ ಮೈಗೆ ಸೋಂಕು ತರಲು ಆ ಬೂಸ್ಟೇ ಸಾಕು. ಲೋಹ, ಖನಿಜ ಸುಟ್ಟು ಮಾಡಿದ ಭಸ್ಮ ಸೇರಿಸಿದ ಔಷಧಿ ಆದರೆ ಇನ್ನೊಂದು ಚಿಂತೆ. ಇಂಟರ್ನೆಟ್ಟಿನಲ್ಲಿ ಮಾರುವ ಆಯುರ್ವೇದ ಔಷಧಿಗಳನ್ನು ಅಮೆರಿಕದಲ್ಲಿ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐದರಲ್ಲಿ ಒಂದರಷ್ಟು ಔಷಧಿಗಳಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಕ್ಯಾನ್ಸರ್ ವಾಸಿ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದು 1954ರ ಕಾಯ್ದೆಯ ಪ್ರಕಾರ ಅಪರಾಧ. ಅಂಥ ಜಾಹೀರಾತು ಕಂಡರೆ ಆ ಔಷಧಿಯನ್ನು ನಂಬಬೇಡಿ.

ಲಕ್ಷ್ಮಣಫಲದ ಎಲೆ ಕಷಾಯದ ಬಗ್ಗೆಯೂ ನಿಮ್ಮ ಮನೆಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಮನುಷ್ಯರಲ್ಲಿ ಅದು ಕ್ಯಾನ್ಸರ್ ಗುಣಪಡಿಸಿದ್ದಕ್ಕೆ ಪುರಾವೆ ಇಲ್ಲ. ಕೆರಿಬಿಯನ್ನಿನ ಗ್ವಾಡಲೂಪ್ ದ್ವೀಪದಲ್ಲಿ ಅದನ್ನು ವರ್ಷಗಟ್ಟಲೆ ಸೇವಿಸಿದವರಲ್ಲಿ ಪಾರ್ಕಿನ್ಸನ್ ತರಹದ ನಡುಕ, ಬಿಗಿತ ಜಾಸ್ತಿ ಕಂಡಿದ್ದನ್ನು 1999ರಲ್ಲೇ ವೈದ್ಯರು ಬರೆದಿದ್ದಾರೆ.

ಇಷ್ಟು ಓದಿ ಗಿಡಮೂಲಿಕೆ ಮಾತ್ರ ತೊಂದರೆ ಎಂದುಕೊಳ್ಳಬೇಡಿ. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗುವ ಮಾತ್ರೆಗಳು ಎಷ್ಟೋ ಸಲ ಹೆಚ್ಚು ಕಾಟ ಕೊಡುತ್ತವೆ. ಶ್ವಾಸಕೋಶದ ಕ್ಯಾನ್ಸರಿನ ಗೆಫಿಟಿನಿಬ್, ಎರ್ಲೊಟಿನಿಬ್ ಮೈಗೆ ಹತ್ತಲು ಹೊಟ್ಟೆಯ ಆಮ್ಲ ಬೇಕು. ಪಕ್ಕದಲ್ಲೇ ದಿನಾ ಗ್ಯಾಸಿನ ಮಾತ್ರೆ ಪ್ಯಾಂಟೊಪ್ರಜೋಲ್ ನುಂಗುತ್ತಿದ್ದರೆ ಅವು ಸರಿಯಾಗಿ ಹತ್ತುವುದಿಲ್ಲ. ಪ್ರಾಸ್ಟೇಟ್ ಕ್ಯಾನ್ಸರಿನ ಅಬಿರಾಟೆರೋನನ್ನು ಖಾಲಿ ಹೊಟ್ಟೆಯಲ್ಲೇ ತಗೋಬೇಕು. ಜಿಡ್ಡಿನ ಊಟದ ಜೊತೆ ನುಂಗಿದರೆ ರಕ್ತದಲ್ಲಿ ಅದರ ಪ್ರಮಾಣ ಹತ್ತು ಪಟ್ಟು ಏರಬಹುದು. ಕ್ಯಾಪೆಸಿಟಾಬಿನ್ ಇದಕ್ಕೆ ಉಲ್ಟಾ, ಊಟವಾದ ಅರ್ಧ ಗಂಟೆಯೊಳಗೆ. ಅದರ ಜೊತೆ ರಕ್ತ ತೆಳು ಮಾಡುವ ವಾರ್ಫರಿನ್ ಇದ್ದರೆ ರಕ್ತಸ್ರಾವದ ಭಯ. ನಿಮ್ಮ ಅಮ್ಮನಿಗೆ ಸಂಬಂಧಪಟ್ಟದ್ದು ಒಂದಿದೆ, ಬರೆದಿಟ್ಟುಕೊಳ್ಳಿ. ಟಾಮಾಕ್ಸಿಫೆನ್ ಶುರುವಾದ ಮೇಲೆ ಮೈಯೆಲ್ಲ ಬಿಸಿ ಏರಿ ಬೆವರುವುದು, ಮನಸ್ಸು ಕುಗ್ಗುವುದು ಆಗಬಹುದು. ಅದಕ್ಕೆ ಬೇರೆ ಡಾಕ್ಟರ ಹತ್ತಿರ ಹೋದರೆ ಪ್ಯಾರಾಕ್ಸಿಟಿನ್ ಅಥವಾ ಫ್ಲುಆಕ್ಸಿಟಿನ್ ಬರೆಯಬಹುದು. ಇವೆರಡೂ ಟಾಮಾಕ್ಸಿಫೆನ್ ಎಂಡಾಕ್ಸಿಫೆನ್ ಆಗಿ ಬದಲಾಗುವುದನ್ನೇ ತಡೆಯುತ್ತವೆ. ಬೇರೆ ಮಾತ್ರೆಗಳಿವೆ, ಕೇಳಿ ಬದಲಾಯಿಸಿಕೊಳ್ಳಬಹುದು. ಹಾಗೆಯೇ ಬಿಸಿಗೆ ಒಳ್ಳೇದು ಅಂತ ಯಾರಾದರೂ ಶತಾವರಿ ಕೊಟ್ಟರೆ ಕ್ಯಾನ್ಸರ್ ಡಾಕ್ಟರನ್ನು ಕೇಳದೆ ಕೊಡಬೇಡಿ. ಟಾಮಾಕ್ಸಿಫೆನ್ ಕೊಡುವುದು ಹಾರ್ಮೋನಿನಿಂದ ಬೆಳೆಯುವ ಕ್ಯಾನ್ಸರಿಗೆ, ಅಲ್ಲಿ ಹಾರ್ಮೋನಿನ ಹಾಗೆ ವರ್ತಿಸಬಹುದಾದ ಬೇರು ನಮಗೆ ಬೇಡ.

ಹಾಗಾದರೆ ಅಜ್ಜಿ ಏನು ಮಾಡಬೇಕು? ಸುಮ್ಮನೆ ಕೂತಿರಿ ಎಂದರೆ ಅವರ ಮನಸ್ಸಿಗೆ ನೋವಾಗುತ್ತದೆ, ಅದು ನನಗೂ ಗೊತ್ತು. ಅವರಿಗೆ ಕೆಲಸ ಬೇಕಾದಷ್ಟಿದೆ. ವಾಂತಿ ಬಂದ ಹಾಗೆ ಆಗುವಾಗ ತೆಳ್ಳಗೆ ಶುಂಠಿ ಹಾಕಿದ ಜೀರಿಗೆ ಕಷಾಯ, ಊಟದ ಪ್ರಮಾಣದಲ್ಲಿ, ಧಾರಾಳವಾಗಿ ಕೊಡಲಿ. ಆದರೆ ಕೀಮೋ ಜೊತೆ ಬರೆದ ವಾಂತಿ ಮಾತ್ರೆಯ ಬದಲಿಗೆ ಅಲ್ಲ, ಅದರ ಜೊತೆಗೆ. ತಂಬುಳಿ ಮಾಡುವುದಾದರೆ ಒಂದೆಲಗವನ್ನು ಹಸಿಯಾಗಿ ಅರೆಯುವ ಬದಲು ಚೆನ್ನಾಗಿ ತೊಳೆದು ಬಾಡಿಸಿ ಅರೆಯಲಿ, ಮಜ್ಜಿಗೆ ಅವತ್ತಿನದೇ ಇರಲಿ. ಮೊಟ್ಟೆ ತಿನ್ನುವ ಮನೆ ಆದರೆ ಪೂರ್ತಿ ಬೇಯಿಸಿದ ಮೊಟ್ಟೆ, ಇಲ್ಲವಾದರೆ ಬೇಳೆ, ಹೆಸರುಕಾಳು ಜಾಸ್ತಿ. ಬಿಂಬುಳಿ, ಧಾರೆಹುಳಿಯ ಜ್ಯೂಸ್ ಮಾತ್ರ ಬೇಡ. ಅವುಗಳ ಆಕ್ಸಲೇಟಿನಿಂದ ಕಿಡ್ನಿ ಕೆಟ್ಟ ಉದಾಹರಣೆಗಳಿವೆ. ಸಾರಿಗೆ ಒಂದು ಹೋಳು ಹಾಕಿದ್ದಕ್ಕೆ ಗಾಬರಿ ಬೇಡ. ಬಾಯಿ, ಗಂಟಲಿಗೆ ರೇಡಿಯೇಷನ್ ಪಡೆಯುವವರಿಗೆ ಬಾಯಿಹುಣ್ಣು ತಡೆಯಲು ಜೇನುತುಪ್ಪವನ್ನು ಅಂತಾರಾಷ್ಟ್ರೀಯ ಮಾರ್ಗಸೂಚಿಯೇ ಸೂಚಿಸುತ್ತದೆ. ನಿಮ್ಮ ಅಮ್ಮನಿಗೆ ಅದು ಅನ್ವಯಿಸುವುದಿಲ್ಲ. ಆದರೆ ಇದನ್ನು ಓದುವ ಬೇರೆಯವರಿಗೆ ಬೇಕಾಗಬಹುದು. ಶುಗರ್ ಇದ್ದರೆ, ಬಿಳಿ ರಕ್ತಕಣ ಕಡಿಮೆ ಇದ್ದರೆ ಮೊದಲು ಡಾಕ್ಟರನ್ನು ಕೇಳಬೇಕು. ಅದೇ ಜನರಿಗೆ ಇನ್ನೊಂದು ಮಾತು, ಅಡಿಕೆ ನಮ್ಮ ಜೀವನದ ಬೆಳೆ ಹೌದು, ಆದರೆ ಚಿಕಿತ್ಸೆಯಲ್ಲಿರುವ ಬಾಯಿಗೆ ಎಲೆಯಡಿಕೆ ಬೇಡವೇ ಬೇಡ.

ಯೋಗದ ಬಗ್ಗೆ ನನಗೆ ನಿಜವಾದ ಭರವಸೆ ಇದೆ. ಬೆಂಗಳೂರಿನ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನ ಮತ್ತು ಅಮೆರಿಕದ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರ ಸೇರಿ, ರೇಡಿಯೇಷನ್ ಪಡೆಯುತ್ತಿದ್ದ ಎದೆಯ ಕ್ಯಾನ್ಸರ್ ಮಹಿಳೆಯರ ಮೇಲೆ ಮಾಡಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಯೋಗ ಮಾಡಿದವರಲ್ಲಿ ದಿನದ ಕೆಲಸ ಮಾಡುವ ಶಕ್ತಿ ಚೆನ್ನಾಗಿತ್ತು. ಯೋಗ ಯಾವ ಔಷಧಿಗೂ ಅಡ್ಡ ಬರುವುದಿಲ್ಲ. ಆಪರೇಷನ್ ಆದ ಕಡೆಯ ತೋಳಿಗೆ ಎಷ್ಟು ವ್ಯಾಯಾಮ ಎಂದು ಮಾತ್ರ ಕೇಳಿಕೊಂಡು ಶುರು ಮಾಡಿ.

ಡಾಕ್ಟರಿಗೆ ಹೇಳುವುದು ಹೇಗೆ? ಒಂದು ಕಾಗದದಲ್ಲಿ ಬರೆದುಕೊಂಡು ಹೋಗಿ. ಎಡಗಡೆ ಆಸ್ಪತ್ರೆಯ ಔಷಧಿ, ಬಲಗಡೆ ಮನೆಯದು, ಶುರು ಮಾಡಿದ ದಿನ, ನಿಲ್ಲಿಸಿದ ದಿನ. 'ಡಾಕ್ಟ್ರೇ, ಇದಿಷ್ಟು ಕೊಟ್ಟಿದ್ವಿ, ಈಗ ನಿಲ್ಲಿಸಿದ್ದೇವೆ, ಲಿವರ್ ರಿಪೋರ್ಟ್ ಒಂದ್ಸಲ ನೋಡಿ' ಅಂದರೆ ಸಾಕು. ಒಂದೆರಡು ಮಾತು ಖಾರವಾಗಿ ಬಂದರೂ ಬರಲಿ, ಆ ಮಾಹಿತಿ ಅವರಿಗೆ ಬೇಕೇ ಬೇಕು. ಒ.ಪಿ.ಡಿ. ರಶ್ಶಿನಲ್ಲಿ ಅಷ್ಟು ಹೊತ್ತು ಸಿಗದಿದ್ದರೆ ಆ ಕಾಗದವನ್ನು ಮೊದಲು ಫಾರ್ಮಸಿಸ್ಟ್ ಹತ್ತಿರ ಕೊಡಿ. ಮುಖ್ಯವಾದ ಎರಡು ಸಾಲನ್ನು ಗುರುತು ಮಾಡಿ ಡಾಕ್ಟರಿಗೆ ತಲುಪಿಸುವುದು ನಮ್ಮ ಕೆಲಸ. ಆಯುರ್ವೇದ ಬೇಕೇ ಬೇಕು ಎಂದು ಮನೆಯವರಿಗೆ ಅನ್ನಿಸಿದರೆ, ಕೀಮೋ ಮುಗಿದ ಮೇಲೆ ಓದಿದ, ರಿಜಿಸ್ಟರ್ ಆದ ಆಯುರ್ವೇದ ವೈದ್ಯರ ಹತ್ತಿರ ಇದೇ ಕಾಗದ ಹಿಡಿದು ಹೋಗಿ. ಅವರು ಬರೆಯುವ ಔಷಧಿಯ ಹೆಸರು, ಪ್ರಮಾಣ ಚೀಟಿಯಲ್ಲಿ ಇರಲಿ. ಯಾವುದೇ ಔಷಧಿಯಿಂದ ತೊಂದರೆ ಆಗಿದೆ ಅನ್ನಿಸಿದರೆ ಭಾರತ ಸರ್ಕಾರದ ಔಷಧ ಜಾಗೃತಿ ಕಾರ್ಯಕ್ರಮದ ಉಚಿತ ನಂಬರ್ 1800-180-3024ಕ್ಕೆ ನೀವೇ ತಿಳಿಸಬಹುದು.

ಮಳೆಗಾಲ ಹತ್ತಿರ ಇರುವುದರಿಂದ ಇನ್ನೊಂದು ವಿಷಯ. ಬಿಳಿ ರಕ್ತಕಣ ಏರಿಸಲು ಮನೆಗೆ ಇಂಜೆಕ್ಷನ್ ಕೊಟ್ಟು ಕಳಿಸಿದರೆ ಅದನ್ನು 2ರಿಂದ 8 ಡಿಗ್ರಿಯ ತಂಪಿನಲ್ಲಿ ಇಡಬೇಕು, ಫ್ರೀಜರಿನಲ್ಲಿ ಅಲ್ಲ. ನಿಮ್ಮ ಕಡೆ ಗಾಳಿಮಳೆಗೆ ಎರಡು ಮೂರು ದಿನ ಕರೆಂಟ್ ಹೋಗುವುದು ಹೊಸದಲ್ಲ. ಅಂಥ ದಿನಗಳಲ್ಲಿ ಇಂಜೆಕ್ಷನ್ನನ್ನು ಮನೆಗೆ ಒಯ್ಯದೆ ಹತ್ತಿರದ ಆಸ್ಪತ್ರೆಯ ಫ್ರಿಜ್ಜಿನಲ್ಲಿ ಇಡಿಸಿ, ಅಲ್ಲೇ ಹಾಕಿಸಿಕೊಳ್ಳಿ. ಮಾತ್ರೆಗಳನ್ನು ಒಲೆಯ ಹತ್ತಿರದ ಗೂಡಿನಲ್ಲಿ ಇಡಬೇಡಿ, ಸ್ಟ್ರಿಪ್ಪಿನಿಂದ ಬಿಡಿಸಿ ಡಬ್ಬಿಗೂ ತುಂಬಬೇಡಿ, ಥಂಡಿ ಹೀರಿಕೊಳ್ಳುತ್ತವೆ.

ಮನೆಯಲ್ಲಿ ಒಂದು ಡಿಜಿಟಲ್ ಥರ್ಮಾಮೀಟರ್ ಇರಲೇಬೇಕು. ಕೀಮೋ ಕೊಟ್ಟ ಒಂದು ವಾರದಿಂದ ಎರಡು ವಾರದ ನಡುವೆ ಬಿಳಿ ರಕ್ತಕಣ ತೀರಾ ಕೆಳಗೆ ಇಳಿದಿರುತ್ತವೆ. ಆ ಹೊತ್ತಿನಲ್ಲಿ ಜ್ವರ 100.4 ಡಿಗ್ರಿ ಮುಟ್ಟಿದರೆ ಕಷಾಯ ಬೇಡ, ಪ್ಯಾರಾಸಿಟಮಾಲ್ ಕೊಟ್ಟು ಬೆಳಗಿನ ತನಕ ಕಾಯುವುದೂ ಬೇಡ. ಕೀಮೋ ಫೈಲ್ ಕೈಗೆ ತಗೊಂಡು, ಆಸ್ಪತ್ರೆಗೆ ಫೋನ್ ಮಾಡುತ್ತಲೇ ಗಾಡಿ ಹತ್ತಿ. ನಿಮ್ಮೂರಿನಿಂದ ಶಿವಮೊಗ್ಗಕ್ಕೆ ಬರಲು ಹಿಡಿಯುವ ಹೊತ್ತನ್ನು ಲೆಕ್ಕ ಹಾಕಿ, ರಾತ್ರಿ ಯಾರ ಗಾಡಿ ಸಿಗುತ್ತದೆ ಎಂದು ಈಗಲೇ ಮಾತಾಡಿ ಇಟ್ಟುಕೊಳ್ಳಿ.